ಎದುರುಬದುರಿನ ಪಾಲು

ನಮ್ಮ ಮಣ್ಣು ಪರೀಕ್ಷಾಲಯದಲ್ಲಿ ಹದಿನಾರು ಜನ ಇದ್ದೆವು. ಇಬ್ಬರನ್ನು ಮಾತ್ರ ಉಳಿಸಿಕೊಳ್ಳಿ ಎಂದು ಮುಖ್ಯ ಕಚೇರಿಯಿಂದ ಕಾಗದ ಬಂತು. ಇಪ್ಪತ್ತೆರಡು ವರ್ಷ ಮಣ್ಣಿನ ಹುಳಿ ಎಷ್ಟು, ಜಿಗುಟು ಎಷ್ಟು ಎಂದು ನೋಡಿದವಳಿಗೆ ಬೇರೇನು ತಾನೇ ಬರುತ್ತದೆ? ಮಣ್ಣು ಒಣಗಿಸುವ ಒಲೆ ನೋಡಿಕೊಳ್ಳುವವರು ನನ್ನ ಅಕ್ಕನ ಗಂಡ. ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ನಮ್ಮ ಸಾಹೇಬರು ನ್ಯಾಯಕ್ಕೆ ಹೆಸರಾದವರು; ತಲೆ ಕೆಟ್ಟವರು ಎಂದರೂ ನಡೆಯುತ್ತದೆ. "ಮುಖ ನೋಡಿ ಆರಿಸೋ ಜಾಯಮಾನ ನನ್ನದಲ್ಲ. ಹೊಲದ ಮಣ್ಣಿನ ಮಾದರಿ ಹೇಗೆ ತೆಗೀತೀವೋ ಹಾಗೇ ತೆಗೆಯೋಣ," ಎಂದರು.

ಹಾಗೆ ಎಂದರೆ ಹೀಗೆ: ಹೊಲದ ಹತ್ತಾರು ಕಡೆಯ ಮಣ್ಣನ್ನು ಒಂದೆಡೆ ಸುರಿದು, ಬೆರೆಸಿ, ಹರಡಿ, ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆಯುವುದು. ನಾಲ್ಕು ಪಾಲಿನಲ್ಲಿ ಎದುರುಬದುರಿನ ಎರಡನ್ನು ಇಟ್ಟುಕೊಂಡು ಮಿಕ್ಕೆರಡನ್ನು ತೆಗೆಯುವುದು. ಬೇಕಾದಷ್ಟು ಚಿಕ್ಕದಾಗುವ ತನಕ ಇದೇ ಕತೆ.

ಅಂಗಳದಲ್ಲಿ ನೀಲಿ ಟಾರ್ಪಾಲು ಹಾಸಿದರು. ಚಪ್ಪಲಿ ಬಿಟ್ಟು ಹತ್ತಿದೆವು.

"ಚೆನ್ನಾಗಿ ಬೆರೀರಿ! ಗಂಟುಗಂಟಾಗಿ ನಿಲ್ಬೇಡಿ, ಒಡೀಬೇಕಾಗುತ್ತೆ!" ಎಂದು ಸಾಹೇಬರು ಕೂಗಿದರು. ಬೆರೆತೆವು. ಟೈಪಿಸ್ಟು ನನ್ನ ಕಾಲು ತುಳಿದಳು, ಬೇಕೆಂದೇ.

ಭಾವ ಪಿಸುಗುಟ್ಟಿದರು: "ಪಕ್ಕದ ಪಾಲಿಗೆ ಬರ್ಬೇಡ ತಾಯಿ, ಎದುರು ಮೂಲೆಗೆ ಹೋಗು. ಉಳಿದ್ರೆ ಇಬ್ರೂ, ಹೋದ್ರೆ ಇಬ್ರೂ. ನಾನೊಬ್ನೇ ಉಳಿದ್ರೆ ನಿಮ್ಮಕ್ಕ ಮನೆಗೆ ಸೇರಿಸಲ್ಲ."

ಸಾಹೇಬರು ಕೋಲು ಹಿಡಿದು ನಮ್ಮ ನಡುವೆ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದರು. ಮೊದಲ ಸುತ್ತಿಗೆ ಎಂಟು ಜನ ಹೊರಗಾದರು. ಟೈಪಿಸ್ಟು ಅಳುತ್ತಾ ಇಳಿದಳು. ಮುಂದಿನ ಸುತ್ತಿಗೆ ನಾಲ್ವರು. ಕೊನೆಗೆ ಪಾಲಿಗೊಬ್ಬರಂತೆ ನಿಂತೆವು. ಸಾಹೇಬರ ಕೋಲು ಕಾವಲುಗಾರನನ್ನೂ ಗುಮಾಸ್ತನನ್ನೂ ಆಚೆ ತಳ್ಳಿತು. ಉಳಿದದ್ದು ನಾನು ಮತ್ತು ಭಾವ! ನಾಚಿಕೆ ಬಿಟ್ಟು ಹೇಳುತ್ತೇನೆ, ಕುಣಿಯುವಷ್ಟು ಖುಷಿಯಾಯಿತು. ಅಳುವವರ ಮುಖ ನೋಡಿಯೂ ಖುಷಿ ಇಳಿಯಲಿಲ್ಲ.

"ಬೇಡವಾದ ಮಣ್ಣನ್ನ ಏನ್ಮಾಡ್ತೀವಿ?" ಸಾಹೇಬರು ಕೇಳಿದರು.

"ತಂದ ಜಾಗಕ್ಕೇ ವಾಪಸ್ ಹಾಕ್ತೀವಿ," ಎಂದ ಗುಮಾಸ್ತ, ಮೂಗೊರೆಸಿಕೊಳ್ಳುತ್ತಾ.

"ಮತ್ತೆ? ಪದ್ಧತಿ ಅಂದ್ರೆ ಪೂರ್ತಿ ಪದ್ಧತಿ. ನಡೀರಿ, ನಿಮ್ಮ ನಿಮ್ಮ ಜಾಗಕ್ಕೆ!"

ಹದಿನಾಲ್ಕು ಜನ ಒಳಗೆ ಹೋಗಿ ತಮ್ಮ ತಮ್ಮ ಕುರ್ಚಿಯಲ್ಲಿ ಕೂತರು. ಟೈಪಿಸ್ಟಿನ ಟಕಟಕ ಶುರುವಾಯಿತು. ನಾನೂ ಹೊರಟೆ. ಸಾಹೇಬರು ಕೋಲು ಅಡ್ಡ ಹಿಡಿದರು.

"ನೀವೆಲ್ಲಿಗೆ? ನೀವಿಬ್ರು ಮಾದರಿ. ಮುಖ್ಯ ಕಚೇರಿಯ ಲ್ಯಾಬಿಗೆ ಹೋಗ್ಬೇಕು."

ಕೊರಳಿಗೆ ಚೀಟಿ ಕಟ್ಟಿದರು. ತೆಗೆದ ದಿನಾಂಕ, ಆಳ, ಹಿಂದಿನ ಬೆಳೆ. ಹಿಂದಿನ ಬೆಳೆ ಎಂಬಲ್ಲಿ ನನ್ನ ಇಬ್ಬರು ಮಕ್ಕಳನ್ನು ಬರೆದರು. ವ್ಯಾನಿನ ಬಾಗಿಲು ತೆರೆಯಿತು.

"ಪರೀಕ್ಷೆ ಮುಗಿದ್ಮೇಲೆ ವಾಪಸ್ ಕಳಿಸ್ತಾರಲ್ವಾ?" ಭಾವ ನನ್ನನ್ನು ಕೇಳಿದರು.

ನನಗೆ ಅಳು ಬಂತು. ಈ ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಮಾದರಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಆಮ್ಲದಲ್ಲಿ ಕುದಿಸಿದ್ದೇನೆ. ಒಂದನ್ನೂ ವಾಪಸ್ ಕಳಿಸಿಲ್ಲ.