ರುಮಾಲಿನ ಗಂಟು

ಮೊದಲ ಏಟು ಗಂಡನ ಹೆಗಲಿಗೆ ಬಿದ್ದಾಗ ಕದಿರಮ್ಮ ಇನ್ನೂ ಬಾವಿಯ ಹತ್ತಿರ ಇದ್ದಳು. ತಲೆಯ ಮೇಲೆ ಮುದ್ದೆಯ ಕುಕ್ಕೆ, ಕೈಯಲ್ಲಿ ಮಜ್ಜಿಗೆಯ ಚೊಂಬು. ಹೊಲದಲ್ಲಿ ಅಣ್ಣತಮ್ಮಂದಿರು ಕೂಗಾಡುತ್ತಿದ್ದುದು ಕೇಳುತ್ತಲೇ ಇತ್ತು. ಮಾವ ಸತ್ತಾಗಿನಿಂದ ಮೂರು ವರ್ಷ ನಡೆದಿದ್ದ ಜಗಳ ಅದು. ಭಾವ ಚಿಕ್ಕವೆಂಕಟಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ವಾರಕ್ಕೊಮ್ಮೆ ಬೇತಮಂಗಲದಲ್ಲಿ ಬಸ್ಸಿಳಿದು ಊರಿಗೆ ಬಂದಾಗಲೆಲ್ಲ ನಡುವಿನ ಬದು ಅವನ ಪಾಲಿನ ಕಡೆಗೆ ಒಂದು ಸಾಲು ಸರಿದಿರುತ್ತಿತ್ತು. ಆ ಭಾನುವಾರ ಬದುವೇ ಇರಲಿಲ್ಲ. ಅವಳ ಗಂಡ ಬೈರಪ್ಪ ಅದನ್ನು ಉತ್ತುಬಿಟ್ಟಿದ್ದ.

“ಬದಿನ ಕಲ್ಲು ಎಲ್ಲಿ ಕಿತ್ತಾಕಿದ್ದೀಯ ಏಳ್ಲಾ!”

“ಇಲಿ ಅಂಗೆ ಬಿಲ ತೋಡ್ಕೊಂಡಿರೋನ್ಗೆ ನೆಲದ ಮ್ಯಾಲೇನಣ್ಣ ಕೆಲ್ಸ? ಓಗು, ಅಲ್ಲೇ ಒಳಗೇ ಮಣ್ಣಾಗು.”

ಬೇಲಿ ಕಡಿಯಲು ತಂದಿದ್ದ ಮಚ್ಚು ಚಿಕ್ಕವೆಂಕಟಪ್ಪನ ಕೈಯಲ್ಲೇ ಇತ್ತು. ಎರಡನೆಯ ಏಟಿಗೆ ಬೈರಪ್ಪ ಅಡ್ಡ ಹಿಡಿದ ಕೈಯ ಎರಡು ಬೆರಳು ಹಾರಿ ಉತ್ತ ಮಣ್ಣಿನಲ್ಲಿ ಬಿದ್ದವು. ಮೂರನೆಯದು ತಲೆಗೆ. ಕುಕ್ಕೆ ಎಸೆದು ಓಡುತ್ತಿದ್ದ ಕದಿರಮ್ಮನಿಗೆ ಆ ಸದ್ದು ಅಷ್ಟು ದೂರಕ್ಕೂ ಕೇಳಿಸಿತು.

ಅವಳು ತಲುಪುವಷ್ಟರಲ್ಲಿ ಚಿಕ್ಕವೆಂಕಟಪ್ಪ ಮಚ್ಚನ್ನು ಬಿಸಾಕಿ ಮಂಡಿಯೂರಿದ್ದ. ತನ್ನ ರುಮಾಲನ್ನು ಬಿಚ್ಚಿ, ಪಟ್ಟಿಯಾಗಿ ಮಡಿಸಿ, ತಮ್ಮನ ತಲೆಗೆ ಸುತ್ತುತ್ತಿದ್ದ. “ಕಣ್ಬಿಡ್ಲಾ ಬೈರಾ. ನನ್ನ ನೋಡ್ಲಾ.” ಕದಿರಮ್ಮ ಕೈಗೆ ಸಿಕ್ಕ ಕಲ್ಲೆತ್ತಿ ಅವನಿಗೆ ಹೊಡೆದಳು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಇನ್ನೊಂದು ಕಲ್ಲು ಹಲ್ಲಿಗೆ ಬಿತ್ತು. ಅವನು ಏಳಲಿಲ್ಲ. ಎಡದ ತುದಿಯ ಮೇಲೆ ಬಲದ್ದು, ಮತ್ತೆ ಬಲದ ಮೇಲೆ ಎಡದ್ದು ತಂದು ಗಂಟು ಬಿಗಿದು, ತುದಿಗಳನ್ನು ಒಳಗೆ ಸಿಕ್ಕಿಸಿದ. ಆಮೇಲೆ ಎದ್ದು ಕೆರೆಯ ಕಡೆಗೆ ಓಡಿದ.

ಎತ್ತಿನ ಗಾಡಿ ಆಸ್ಪತ್ರೆ ಸೇರುವ ಮೊದಲೇ ಬೈರಪ್ಪನ ಉಸಿರು ನಿಂತಿತು.

“ಬಟ್ಟೆ ಕಟ್ಟಿದ್ದು ಯಾರಮ್ಮ?” ಎಂದು ಪೊಲೀಸ್ ದಫೇದಾರ ಕೇಳಿದಾಗ ಕದಿರಮ್ಮ, “ನಾನೇ. ನಮ್ಮೆಜಮಾನ್ರ ರುಮಾಲೇ ಬಿಚ್ಚಿ ಕಟ್ಟಿದೆ” ಎಂದಳು.

ಕೋಲಾರದ ಸೆಷನ್ಸ್ ಕೋರ್ಟಿನಲ್ಲೂ ಅದನ್ನೇ ಹೇಳಿದಳು. ಚಿಕ್ಕವೆಂಕಟಪ್ಪ ಸುಮ್ಮನಿದ್ದ. ಹೊಲಕ್ಕೇ ಹೋಗಿರಲಿಲ್ಲ ಎಂದು ಸಾಧಿಸುವಂತೆ ವಕೀಲರು ಅವನಿಗೆ ಹೇಳಿಕೊಟ್ಟಿದ್ದರು. ಬಟ್ಟೆ ಕಟ್ಟಿದೆ ಎಂದರೆ ಅಲ್ಲಿದ್ದೆ ಎಂದು ಒಪ್ಪಿದ ಹಾಗೆ. ತಮ್ಮನನ್ನು ಕಡಿದು, ಒದ್ದಾಡುವವನನ್ನು ಬಿಟ್ಟು ಓಡಿದವನಿಗೆ ದಯೆ ತೋರಲಾಗದು ಎಂದು ಜಡ್ಜರು ಗಲ್ಲು ವಿಧಿಸಿದರು. ಅಂದು ರಾತ್ರಿ ಕದಿರಮ್ಮ ವರ್ಷದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡಳು.

ಅತ್ತೆ ದೊಡ್ಡಮುನಿಯಮ್ಮ ಮಾತ್ರ ಒಬ್ಬ ಮಗನ ತಿಥಿ ಮುಗಿಸಿ ಇನ್ನೊಬ್ಬನ ಅಪೀಲಿಗೆ ಓಡಾಡತೊಡಗಿದಳು. ಕದಿರಮ್ಮನ ಅಣ್ಣ ಸೊಣ್ಣಪ್ಪ ಒಂದು ದಿನ ಬಂದು, “ಕೊಂದೋನ್ಗೆ ವಕೀಲ್ರು ಬೇರೆ ಕೇಡಾ ಮುದುಕಿ?” ಎಂದು ಒನಕೆಯಿಂದ ಅವಳ ಎಡಗೈ ಮುರಿದ. ಕದಿರಮ್ಮ ಒಳಗೆ ಒಲೆ ಊದುತ್ತಿದ್ದಳು, ಹೊರಗೆ ಬರಲಿಲ್ಲ. ಕೈಗೆ ಬಿದಿರ ದಬ್ಬೆ ಕಟ್ಟಿಸಿಕೊಂಡ ಮುದುಕಿ ಕೇಳಿದವರಿಗೆಲ್ಲ “ಬಚ್ಚಲಲ್ಲಿ ಜಾರಿದೆ” ಎಂದಳು.

ಅಪೀಲು ಹಿಡಿದ ವಕೀಲ ಕೋದಂಡಪ್ಪನವರು ಅದೇ ಚಿನ್ನದ ಗಣಿಯ ಮೈಸೂರು ಮೈನ್ಸಿನ ಕೂಲಿಗಳ ಲೈನುಮನೆಯಲ್ಲಿ ಹುಟ್ಟಿ ಬೆಳೆದವರು. ಹೆಣ ಕೊಯ್ದ ಡಾಕ್ಟರ ಹೇಳಿಕೆಯಲ್ಲಿ ಯಾರೂ ಗಮನಿಸದ ಒಂದು ಸಾಲು ಅವರ ಕಣ್ಣಿಗೆ ಬಿತ್ತು. ಗಂಟು ಬಿಚ್ಚಲು ಹೋದರೆ ಕೂದಲು ಕಿತ್ತುಬರುತ್ತಿತ್ತು, ಅದಕ್ಕೇ ಪಕ್ಕದಲ್ಲಿ ಬಟ್ಟೆ ಕತ್ತರಿಸಿ ತೆಗೆದೆ ಎಂದು ಡಾಕ್ಟರು ಬರೆಸಿದ್ದರು. ಸತ್ತವನಿಗೂ ನೋವಾಗಬಾರದೆಂದು ನೋಡಿದ ಆ ಪುಣ್ಯಾತ್ಮನಿಂದ ಗಂಟು ಹಾಗೇ ಉಳಿದಿತ್ತು. ಹೈಕೋರ್ಟಿಗೆ ಅದನ್ನು ತರಿಸಿದರು. ಒಣಗಿದ ರಕ್ತದಲ್ಲಿ ಕಲ್ಲಾಗಿದ್ದ ಚಪ್ಪಟೆ ಗಂಟು, ಒಳಗೆ ಸಿಕ್ಕಿಸಿದ ತುದಿಗಳು.

“ಗಣಿಯ ಆಳುಗಳಿಗೆ ಫಸ್ಟ್ ಏಡ್ ಕ್ಲಾಸಿನಲ್ಲಿ ಕಲಿಸುವ ಗಂಟು ಇದು” ಎಂದರು ಕೋದಂಡಪ್ಪ. “ಕಡಿದವನು ನನ್ನ ಕಕ್ಷಿದಾರನೇ, ಒಪ್ಪುತ್ತೇನೆ. ಆದರೆ ಬಿಟ್ಟು ಓಡಲಿಲ್ಲ. ಉಳಿಸಲು ನೋಡಿದ.”

ಕದಿರಮ್ಮನನ್ನು ಮತ್ತೆ ವಿಚಾರಿಸಬೇಕೆಂದು ಬೆಂಗಳೂರಿಗೆ ಕರೆಸಿದರು. ಹಿರಿಯ ಜಡ್ಜರು ಅವಳಿಗೆ ತಿಳಿಯುವ ಹಾಗೆ ಕನ್ನಡದಲ್ಲೇ ಮಾತಾಡಿದರು.

“ಅವತ್ತು ಹೇಗೆ ಕಟ್ಟಿದೆಯೋ ಹಾಗೇ ಕಟ್ಟಿ ತೋರಿಸಮ್ಮ.”

ಒಂದು ಟವಲು ಕೊಟ್ಟರು. ಯಾರ ತಲೆಗೆ ಎಂದು ಅವರಿವರು ಮುಖ ಮುಖ ನೋಡಿಕೊಳ್ಳುತ್ತಿರುವಾಗ ಹಿಂದಿನ ಬೆಂಚಿನಿಂದ ದೊಡ್ಡಮುನಿಯಮ್ಮ ಎದ್ದು ಬಂದು, ದಬ್ಬೆ ಕಟ್ಟಿದ ಕೈ ಎದೆಗೊತ್ತಿಕೊಂಡು ಸೊಸೆಯ ಮುಂದೆ ಕೂತಳು. “ನನ್ ತಲೆಗೇ ಕಟ್ಟಲಿ ಬುದ್ಧಿ.”

ಕದಿರಮ್ಮನಿಗೆ ಆ ಗಂಟು ಗೊತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಅಂದಿನಿಂದಲೂ ಅದೇ ಕೈಗಳು, ಅದೇ ತುದಿಗಳು. ಟವಲನ್ನು ಪಟ್ಟಿಯಾಗಿ ಮಡಿಸಿ ಸುತ್ತಿದಳು. ಎಡದ ಮೇಲೆ ಬಲ. ಎಳೆದಳು. ಇನ್ನೊಂದು ಸುತ್ತು ಸರಿಯಾಗಿ ಬಿದ್ದರೆ ಅವನು ನೇಣಿಗೆ ಹೋಗುತ್ತಾನೆ. ಅವಳು ಹಲ್ಲು ಕಚ್ಚಿ ಎಳೆದಳು. ಮುದುಕಿಯ ಹಣೆಯ ಚರ್ಮ ಸುಕ್ಕಾಗಿ ಕಣ್ಣಲ್ಲಿ ನೀರು ಬಂತು. ಇನ್ನೊಂದು ಸುತ್ತಿಗೆ ಮೊದಲು ಸೊಸೆ ತಡೆದದ್ದು ತನಗೆ ನೋವಾದೀತೆಂದು ಹೆದರಿ ಎಂದುಕೊಂಡಳೋ ಏನೋ, ಮುದುಕಿ ಮೆಲ್ಲಗೆ ಅಂದಳು:

“ನೋವಿಲ್ಲ ಕಣವ್ವ. ಬಿಗಿಯಾಗೇ ಕಟ್ಟು.”

ಕದಿರಮ್ಮನ ಕೈಯಿಂದ ತುದಿಗಳು ಜಾರಿದವು.

“ನಾನಲ್ಲ ಬುದ್ಧಿ. ಅವ್ನೇ ಕಟ್ಟಿದ್ದು. ರುಮಾಲೂ ಅವ್ನದೇ. ನಾನು ಕಲ್ಲಲ್ಲಿ ಒಡೀತಾ ಇದ್ದೆ, ಅವನು ಕಟ್ಟತಾ ಇದ್ದ.”

“ಮತ್ತೆ ಸುಳ್ಳು ಯಾಕೆ ಹೇಳಿದೆ?”

“ಕಟ್ಟಿದ್ದು ಏಳಿದ್ರೆ ಕಡಿದಿದ್ದು ಮರ್ತುಬಿಡ್ತೀರಾ ಅಂತ.”

“ಮರೆಯೋದಿಲ್ಲಮ್ಮ” ಎಂದರು ಜಡ್ಜರು. ಅವಳಿಗೆ ಕೂರಲು ಸ್ಟೂಲು ಹಾಕುವಂತೆ ಜವಾನನಿಗೆ ಸನ್ನೆ ಮಾಡಿದರು. ಮಧ್ಯಾಹ್ನ ತೀರ್ಪು ಬರೆಸಿದರು: ಕೊಲೆ ಕೊಲೆಯೇ, ಆದರೆ ಗಲ್ಲು ರದ್ದು, ಜೀವಾವಧಿ ಶಿಕ್ಷೆ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅತ್ತೆ ಸೊಸೆ ರೈಲಿಳಿದಾಗ ಸೊಣ್ಣಪ್ಪ ಕಾಯುತ್ತ ನಿಂತಿದ್ದ. ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು. ತಂಗಿಯ ಜಡೆ ಹಿಡಿದು ಕಂಬಕ್ಕೆ ಅಪ್ಪಳಿಸಿದ. “ಗಂಡನ್ನ ಕೊಂದೋನ್ನ ಉಳಿಸಿ ಬಂದ್ಯೇನೇ ಲೌಡಿ?” ಅವಳ ತುಟಿ ಸೀಳಿತು. ಮತ್ತೆ ಕೈಯೆತ್ತಿದ. ಕೈ ಇಳಿಯುವ ಮೊದಲೇ ದೊಡ್ಡಮುನಿಯಮ್ಮನ ಹಿತ್ತಾಳೆ ಚೊಂಬು ಅವನ ಕಪಾಳಕ್ಕೆ ಬಿತ್ತು. ಮತ್ತೊಮ್ಮೆ ಬಿತ್ತು. ಅವನು ಕಿವಿ ಹಿಡಿದು ಕುಸಿದ. ಬೆರಳ ಸಂದಿಯಿಂದ ರಕ್ತ ಇಳಿಯಿತು.

“ನನ್ ಕೈ ಮುರಿದಾಗ ಸುಮ್ಕಿದ್ದೆ ಕಣ್ಲಾ ಸೊಣ್ಣ. ಇವಳ ಮೈ ಮುಟ್ಟಿದ್ರೆ ಇಲ್ಲೇ ಜಜ್ಜಾಕ್ಬುಡ್ತೀನಿ. ನಾನೂ ಓಯ್ತೀನಿ ಜೈಲ್ಗೆ, ನನ್ ಮಗನ ತಾವ್ಕೇ.”

ಮೂರನೆಯ ಸಲ ಎತ್ತಿದ ಚೊಂಬನ್ನು ಕದಿರಮ್ಮ ಹಿಡಿದುಕೊಂಡಳು. “ಬುಡು ಅತ್ತೆ. ಬಸ್ಸು ಓಗ್ಬುಡ್ತದೆ.”

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ನೆಗ್ಗಿದ ಚೊಂಬು ಕದಿರಮ್ಮನ ಮಡಿಲಲ್ಲಿತ್ತು. ತುಟಿಯ ರಕ್ತ ಆಗಾಗ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಹಳ್ಳ ಬಂದು ಬಸ್ಸು ಕುಲುಕಿದಾಗಲೆಲ್ಲ ಮುದುಕಿಯ ಮುರಿದ ಕೈ ಮುಂದಿನ ಸೀಟಿನ ಕಂಬಿಗೆ ತಾಗದ ಹಾಗೆ ತನ್ನ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಬೇತಮಂಗಲ ಬರುವವರೆಗೂ ಅವಳು ಅತ್ತೆಯ ಮುಖ ನೋಡಲಿಲ್ಲ.