ಮುಟ್ಟಬೇಡಿ ಮೇಷ್ಟ್ರು

ಹದಿನಾರು ವರ್ಷ ಅವರ ಜೊತೆ ಕೆಲಸ ಮಾಡಿದರೂ ಅವರ ಕೈಗಳು ಹೇಗಿದ್ದವೆಂದು ಯಾರಾದರೂ ಕೇಳಿದ್ದರೆ ನಾನು ತಬ್ಬಿಬ್ಬಾಗುತ್ತಿದ್ದೆ. ಸೀಮೆಸುಣ್ಣ ಹಿಡಿಯುವ ಗಳಿಗೆ ಬಿಟ್ಟರೆ ಆ ಕೈಗಳು ಸದಾ ಬೆನ್ನ ಹಿಂದೆ ಇರುತ್ತಿದ್ದವು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಭದ್ರವಾಗಿ ಹಿಡಿದು, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಎದುರಿಗೆ ಸಿಕ್ಕಿದ್ದು ಶಿಲ್ಪವಾಗಿರಲಿ, ಗೋಡೆಯ ಸ್ವಿಚ್ಚಾಗಿರಲಿ, ತರಕಾರಿ ಅಂಗಡಿಯ ಟೊಮೆಟೊ ರಾಶಿಯಾಗಿರಲಿ, ಕಣ್ಣು ಕಿರಿದು ಮಾಡಿ ದಿಟ್ಟಿಸಿ ಮುಂದೆ ಸಾಗುವುದು ಅವರ ನಡಿಗೆ. ಮೆಟ್ಟಿಲು ಇಳಿಯುವಾಗಲೂ ಕಂಬಿ ಹಿಡಿಯುತ್ತಿರಲಿಲ್ಲ. ಒಮ್ಮೆ ಮಳೆಗಾಲದಲ್ಲಿ ಜಾರಿ ನಾಲ್ಕು ಮೆಟ್ಟಿಲು ಉರುಳಿದರು. ಉರುಳುವಾಗಲೂ ಕೈ ಬಿಡಿಸಿಕೊಳ್ಳಲಿಲ್ಲವೆಂದು ನೋಡಿದ ಅಟೆಂಡರ್ ಆಣೆ ಮಾಡಿ ಹೇಳುತ್ತಿದ್ದ. ಹುಡುಗರು ಅವರಿಗೆ ಇಟ್ಟ ಹೆಸರು ಮುಟ್ಟಬೇಡಿ ಮೇಷ್ಟ್ರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಅದರಿಂದ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ನಮ್ಮ ಕಲಾಶಾಲೆಯಲ್ಲಿ ಮೂರನೆಯ ವರ್ಷದವರಿಗೆ ಸಮಕಾಲೀನ ಕಲೆಯನ್ನು ಬೋಧಿಸುವುದು ಅವರ ಕೆಲಸ. ಕಲೆಯ ಇತಿಹಾಸವನ್ನು ಬೋಧಿಸುವುದು ನನ್ನದು. 'ನೀವು ಸತ್ತವರ ವಕೀಲರು' ಎಂದು ನನ್ನನ್ನು ಕೆಣಕುತ್ತಿದ್ದರು. ಚಳಿಯೋ ಸೆಕೆಯೋ, ಮೈಮೇಲೆ ಒಂದೇ ಬೂದುಬಣ್ಣದ ಕೋಟು. ಅದರ ಎದೆಯ ಜೇಬಿನಲ್ಲಿ ಒಂದೇ ಒಂದು ಬಿಳಿ ಸೀಮೆಸುಣ್ಣ. ಆ ಸೀಮೆಸುಣ್ಣವೇ ಅವರ ಶಾಸ್ತ್ರ, ಅವರ ಶಾಸನ, ಎಲ್ಲವೂ. ಪ್ರತಿ ವರ್ಷ ಕೊನೆಯ ಪರೀಕ್ಷೆಗೆ ವಿದ್ಯಾರ್ಥಿಗಳು ತಮ್ಮ ಮನೆಯಿಂದ ಒಂದು ದಿನಬಳಕೆಯ ವಸ್ತು ತರಬೇಕು. ಅಟ್ಟದ ಮೇಲೆ ಧೂಳು ತಿನ್ನುತ್ತಿರುವುದು ನಡೆಯದು. ಇವತ್ತು ಬೆಳಿಗ್ಗೆಯೂ ಮನೆಯವರ ಕೈಯಲ್ಲಿ ಆಡಿದ್ದೇ ಆಗಬೇಕು. ಅದನ್ನು ಉದ್ದನೆಯ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನಾಲ್ಕು ಸಾಲಿನ ಚೀಟಿ ಬರೆದಿಡಬೇಕು. ಇವರು ಬಂದು ವಸ್ತುವಿನ ಸುತ್ತ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುವರು. ಗೆರೆ ಬಿದ್ದ ಮೇಲೆ ಮೂರು ದಿನ, ಹೊರಗಿನ ಪರೀಕ್ಷಕರು ಬಂದು ಹೋಗುವ ತನಕ, ತಂದವರೂ ಅದನ್ನು ಮುಟ್ಟುವಂತಿಲ್ಲ.

"ಎತ್ತಿದರೆ ಅದು ಮತ್ತೆ ಬರೀ ವಸ್ತು ಆಗಿಬಿಡುತ್ತೆ. ನೋಡಿ. ಬರೀ ನೋಡಿ" ಎನ್ನುವರು. ಆ 'ಬರೀ ನೋಡಿ' ದಿನಕ್ಕೆ ನೂರು ಸಲ ಅವರ ಬಾಯಲ್ಲಿ ಬರುತ್ತಿತ್ತು. ಮನೆಯಲ್ಲಿರುವಾಗ ವಸ್ತುವನ್ನು ಅದರ ಉಪಯೋಗ ಮುಚ್ಚಿಟ್ಟಿರುತ್ತದೆ. ಉಪಯೋಗವನ್ನು ಕಳಚಿದರೆ ಅರ್ಥ ತಾನಾಗಿ ಹೊರಬರುತ್ತದೆ ಎಂಬುದು ಅವರ ಸಿದ್ಧಾಂತದ ಸಾರ. ಅದನ್ನು ಅವರು ವಿವರಿಸುವಾಗ ಕೇಳಿದವರು ತಮ್ಮ ಮನೆಯ ಪೊರಕೆಯನ್ನೂ ಬೇರೆ ಕಣ್ಣಿನಿಂದ ನೋಡತೊಡಗುತ್ತಿದ್ದುದು ಸುಳ್ಳಲ್ಲ. ನಾನೂ ನೋಡಿದ್ದೇನೆ.

ಒಂದು ವರ್ಷ ಒಬ್ಬ ಹುಡುಗ ತನ್ನ ತಾತನ ಹಲ್ಲುಸೆಟ್ಟನ್ನೇ ತಂದಿಟ್ಟ. ಗಾಜಿನ ಲೋಟ, ಅದರಲ್ಲಿ ನೀರು, ನೀರಿನಲ್ಲಿ ಹಲ್ಲು. ಮೇಷ್ಟ್ರು ಹಿರಿಹಿರಿ ಹಿಗ್ಗಿ ಗೆರೆ ಎಳೆದರು. ಮಧ್ಯಾಹ್ನದ ಹೊತ್ತಿಗೆ ತಾತ ಗೇಟಿನ ಬಳಿ ಹಾಜರಾದರು. ಬೊಚ್ಚುಬಾಯಿಯಲ್ಲಿ ಅವರು ಏನು ಕೇಳುತ್ತಿದ್ದಾರೆಂದು ಕಾವಲಿನವನಿಗೆ ಅರ್ಥವಾಗುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಮೇಷ್ಟ್ರು ಅವರನ್ನು ಗೌರವದಿಂದ ಒಳಗೆ ಕರೆದು, ಮೇಜಿನೆದುರು ಕುರ್ಚಿ ಹಾಕಿ ಕೂರಿಸಿ, ಕಾಫಿ ತರಿಸಿಕೊಟ್ಟರು, ಹಲ್ಲು ಮಾತ್ರ ಕೊಡಲಿಲ್ಲ. ಮುದುಕರು ಮೂರು ದಿನ ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿಂದುಕೊಂಡು, ದಿನವೂ ಬಂದು ತಮ್ಮ ಹಲ್ಲನ್ನು ತಾವೇ ನೋಡುತ್ತ ಕೂತು ಹೋಗುತ್ತಿದ್ದರು. ಸಿಬ್ಬಂದಿ ಕೋಣೆಯಲ್ಲಿ ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವತ್ತು ನಗಬಾರದಿತ್ತು.

ಅವರ ಹೆಂಡತಿ ಮಾತ್ರ ನಗುತ್ತಿರಲಿಲ್ಲ. ಒಮ್ಮೆ ಅವರ ಮನೆಗೆ ಹೋದಾಗ, ನನಗೆ ನೀರು ಕೊಡಲೆಂದು ಮೇಷ್ಟ್ರು ಅಡುಗೆಮನೆಗೆ ಎದ್ದು ಹೋದವರು ಬರಿಗೈಯಲ್ಲಿ ಮರಳಿ ಬಂದರು. ಆಕೆ ಹೊಲಿಯುತ್ತಿದ್ದ ಬಟ್ಟೆಯಿಂದ ತಲೆಯೆತ್ತದೆ ಹೇಳಿದರು: "ಲೋಟದ ಮೇಲೆ ಒಂದು ಗಂಟೆ ಭಾಷಣ ಮಾಡ್ತಾರೆ. ನಮ್ಮನೇಲಿ ಲೋಟ ಎಲ್ಲಿಡ್ತೀವಿ ಅಂತ ಗೊತ್ತಿಲ್ಲ." ಇವರು ತಲೆ ತಗ್ಗಿಸಿ ನಕ್ಕರು. ಆಕೆಯೇ ಎದ್ದು ಹೋಗಿ ನೀರು ತಂದುಕೊಟ್ಟರು.

ಅವರ ಕೊನೆಯ ತಂಡದಲ್ಲಿ ಒಬ್ಬಳು ಹುಡುಗಿಯಿದ್ದಳು. ಸಹಪಾಠಿಗಳು ಅವಳನ್ನು 'ಅರ್ಧ ದಿನ' ಎಂದು ಕರೆಯುತ್ತಿದ್ದರು, ಏಕೆಂದರೆ ಗಡಿಯಾರ ಒಂದು ಹೊಡೆಯುತ್ತಿದ್ದಂತೆ ಕುಂಚ ತೊಳೆದು, ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಎಲ್ಲಿಗೆ, ಯಾಕೆ ಎಂದು ನಾವಾರೂ ಕೇಳಿರಲಿಲ್ಲ. ಅವಳ ಹಾಜರಿಯ ವಿಷಯದಲ್ಲಿ ಮೇಷ್ಟ್ರಿಗೆ ಅಸಮಾಧಾನ ಹೊಗೆಯಾಡುತ್ತಲೇ ಇತ್ತು. 'ಈ ಹುಡುಗಿ ಕಲೆಗೂ ಅರ್ಧ ದಿನವೇ ಕೊಡೋದು' ಎಂದು ನನ್ನ ಬಳಿ ಗೊಣಗಿದ್ದರು. ಅಂಥವಳು ಆ ವರ್ಷ ಮೇಜಿನ ಮೇಲೆ ತಂದಿಟ್ಟದ್ದು ಒಂದು ಸ್ಟೀಲಿನ ಚಮಚ. ಹಿಡಿಕೆಗೆ ಹಳೆಯ ಸೀರೆಯ ಬಟ್ಟೆಯನ್ನು ದಪ್ಪನಾಗಿ ಸುತ್ತಿ ದಾರ ಬಿಗಿದಿತ್ತು. ಚಮಚದ ತುದಿಯ ಒಂದು ಮಗ್ಗುಲು ಬಡಿದು ಬಡಿದು ಚಪ್ಪಟೆಯಾಗಿತ್ತು. ಚೀಟಿಯಲ್ಲಿ ಅವಳು ಬರೆದಿದ್ದಳು:

'ಇದು ನನ್ನ ಅಮ್ಮನ ಮಾತು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಾಯಿ ಬಿದ್ದುಹೋದ ಮೇಲೆ ಮಂಚದ ಪಕ್ಕದ ಲೋಟಕ್ಕೆ ಇದರಿಂದ ಬಡಿಯುತ್ತಾಳೆ. ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಬಚ್ಚಲು. ಮೂರು ಸಲ ಬಡಿದರೆ ಏನೂ ಬೇಡ, ಸುಮ್ಮನೆ ಬಾ.'

ಮೇಷ್ಟ್ರು ಆ ಚೀಟಿಯನ್ನು ಓದಿ ಬಹಳ ಹೊತ್ತು ನಿಂತರು. ಕಣ್ಣಂಚು ಒದ್ದೆಯಾಗಿದ್ದನ್ನು ನಾನು ಕಂಡೆ, ಅದು ನಟನೆಯಾಗಿರಲಿಲ್ಲ. ಬಗ್ಗಿ, ನಿಧಾನವಾಗಿ, ಎಂದಿಗಿಂತ ನಾಜೂಕಾಗಿ ಚಮಚದ ಸುತ್ತ ಬಿಳಿಯ ಗೆರೆ ಎಳೆದರು. ಒಂದು ಗಂಟೆ ಹೊಡೆಯಿತು. ಹುಡುಗಿ ಚೀಲ ಹೆಗಲಿಗೇರಿಸಿದಳು, ಆದರೆ ಹೊರಡಲಿಲ್ಲ.

"ಸರ್, ಈಗ ತಗೊಂಡು ಹೋಗಿ ದಿನಾ ಬೆಳಿಗ್ಗೆ ತಂದಿಡ್ಲಾ?"

"ಗೆರೆ ಬಿದ್ದಿದೆಯಲ್ಲಮ್ಮಾ. ಎತ್ತಿದರೆ ಅದು ಮತ್ತೆ ಚಮಚ ಆಗಿಬಿಡುತ್ತೆ. ಮೂರು ದಿನ ತಾನೆ? ಮನೇಲಿ ಈಗ ಅದರ ಜಾಗದಲ್ಲಿ ಏನಿದೆ?"

ಅದು ಅವರು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ. ಬಂದ ಉತ್ತರದಲ್ಲಿ ಅವರು ಶೂನ್ಯವನ್ನು, ಅಭಾವವನ್ನು, ಇನ್ನೂ ಏನೇನನ್ನೋ ಕಾಣುತ್ತಿದ್ದರು.

"ಬೇರೆ ಚಮಚ ಇಟ್ಟು ಬಂದಿದ್ದೀನಿ ಸರ್. ಆದ್ರೆ ಅದು ಜಾರುತ್ತೆ."

ಮೇಷ್ಟ್ರ ಮುಖ ಅರಳಿತು. "ಜಾರುತ್ತೆ! ಅದನ್ನೂ ಬರಿ. ಈಗಲೇ ಬರಿ."

ಅವಳು ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು. ಬಳಿಕ ಚೀಲ ಕೆಳಗಿಟ್ಟು, ಪೆನ್ನು ತೆಗೆದು, ಚೀಟಿಯ ಕೊನೆಗೆ ಒಂದು ಸಾಲು ಸೇರಿಸಿದಳು: 'ಬೇರೆ ಚಮಚ ಜಾರುತ್ತದೆ.' ನಾನು ಅಲ್ಲೇ ಪಕ್ಕದಲ್ಲಿದ್ದೆ. ಕೊಟ್ಟುಬಿಡಿ ಮಾರಾಯರೆ ಎಂದು ನನ್ನ ಬಾಯಿಂದ ಬರಲಿಲ್ಲ. ಸಾಲು ಚೆನ್ನಾಗಿದೆಯಲ್ಲ ಎಂದು ನನಗೂ ಅನ್ನಿಸಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೂರನೆಯ ದಿನ ಹನ್ನೊಂದು ಗಂಟೆಗೆ ಪರೀಕ್ಷಕರು ಬಂದರು. ಇಸ್ತ್ರಿಪೆಟ್ಟಿಗೆ, ಚಪ್ಪಲಿ, ಬಾಚಣಿಗೆ, ಹಾಲಿನ ಪಾತ್ರೆಗಳನ್ನು ದಾಟಿ ಚಮಚದ ಮುಂದೆ ನಿಂತರು. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ಏರಿಸಿ ಕೊನೆಯ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿ, ಇಡೀ ಪ್ರದರ್ಶನವೇ ಈ ಒಂದು ವಾಕ್ಯದಲ್ಲಿದೆ ಎಂದರು. ಎಲ್ಲರೂ ತಲೆದೂಗಿದರು, ನಾನೂ ತಲೆದೂಗಿದೆ. ಹುಡುಗಿ ಗೋಡೆಗೊರಗಿ ಗಡಿಯಾರ ನೋಡುತ್ತಿದ್ದಳು. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅವಳ ಮನೆಯಲ್ಲಿ ಆ ಬೇರೆ ಚಮಚ ಜಾರಿ ನೆಲಕ್ಕೆ ಬಿದ್ದಿತ್ತು; ಅದನ್ನು ಎತ್ತಿಕೊಳ್ಳಲು ಬಾಗಿದ ಅವಳ ಅಮ್ಮನೂ ಮಂಚದಿಂದ ಬಿದ್ದಿದ್ದರು. ಅಪ್ಪ ರಾತ್ರಿ ಪಾಳಿಯ ಕಾವಲುಗಾರ, ಹಗಲು ಪಕ್ಕದ ಕೋಣೆಯಲ್ಲಿ ಮಲಗುವವರು. ಲೋಟದ ಸದ್ದಿಗೆ ಅವರು ಎಂಥ ನಿದ್ದೆಯಲ್ಲಿದ್ದರೂ ದಡಬಡಿಸಿ ಏಳುತ್ತಿದ್ದರು. ಬೇರೆ ಯಾವ ಸದ್ದಿಗೂ ಏಳುವವರಲ್ಲ; ಅವತ್ತು ಲೋಟದ ಸದ್ದಾಗಲಿಲ್ಲ. ಪರೀಕ್ಷಕರು ಇನ್ನೂ ಹೊರಟಿರದ ಕಾರಣ ಚಮಚವಿಲ್ಲದೆಯೇ ಒಂದೂವರೆಗೆ ಮನೆಗೆ ಹೋದ ಮಗಳೇ ನೆಲದ ಮೇಲೆ ಬಿದ್ದಿದ್ದ ಅಮ್ಮನನ್ನು ಮೊದಲು ಕಂಡದ್ದು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಆಕೆ ತೀರಿಕೊಂಡರು.

ಈ ಸುದ್ದಿಯೆಲ್ಲ ನಮಗೆ ಅಟೆಂಡರ್ ಬಾಯಿಂದ ತುಣುಕು ತುಣುಕಾಗಿ ಬಂತು. ಉಳಿದ ವಿದ್ಯಾರ್ಥಿಗಳು ತಂತಮ್ಮ ವಸ್ತುಗಳನ್ನು ಒಯ್ದಿದ್ದರು. ಖಾಲಿ ಮೇಜಿನ ಮೇಲೆ ಚಮಚವೊಂದೇ, ಗೆರೆಯೊಳಗೆ, ಹಾಗೆಯೇ ಇತ್ತು. ಯಾರೂ ಕೇಳಲು ಬರಲಿಲ್ಲ, ಮೇಷ್ಟ್ರೂ ಕಳಿಸಲಿಲ್ಲ. ದಿನವೂ ಬಂದು ಅದರ ಮುಂದೆ ಬೆನ್ನ ಹಿಂದೆ ಕೈಕಟ್ಟಿ ನಿಂತು ಹೋಗುತ್ತಿದ್ದರು. ಕೋಟಿನೊಳಗೆ ಮನುಷ್ಯ ಕುಗ್ಗಿ ಕೋಟೇ ಓಡಾಡಿದಂತೆ ಕಾಣುತ್ತಿತ್ತು. ಸಾವಿನ ಸುದ್ದಿ ಬಂದ ನಾಲ್ಕನೆಯ ದಿನ ನನ್ನನ್ನು ಕರೆದರು. ನಾನು ಹೋಗುವಷ್ಟರಲ್ಲಿ ಮೇಜಿನ ಬಳಿ ನಿಂತು, ಬೆನ್ನ ಹಿಂದಿನಿಂದ ಬಲಗೈಯನ್ನು ತೆಗೆದು, ಚಮಚವನ್ನು ಎತ್ತಿಕೊಂಡಿದ್ದರು. ಸಣ್ಣ ಕೈ, ಮಗುವಿನದರಂಥ ಮೆತ್ತನೆಯ ಬೆರಳು. ಆ ಬೆರಳುಗಳು ಹಿಡಿಕೆಯ ಬಟ್ಟೆಯ ಮೇಲೆ ತಡವರಿಸುತ್ತಿದ್ದವು. ಬಟ್ಟೆ ಬೆವರು ಕುಡಿದು ಗಟ್ಟಿಯಾಗಿತ್ತು. ಅದರಲ್ಲಿ ಮೂರು ಬೆರಳುಗಳ ತಗ್ಗು ಅಚ್ಚೊತ್ತಿದಂತೆ ಕೂತಿತ್ತು.

"ಇಷ್ಟು ದಿನ ನೋಡಿದೆನಲ್ಲ, ಇದು ಕಾಣಲೇ ಇಲ್ಲ" ಎಂದರು. "ಮುಟ್ಟಿದ್ದರೆ ಗೊತ್ತಾಗ್ತಿತ್ತು. ಅವತ್ತೇ ಕೊಟ್ಟು ಕಳಿಸ್ತಿದ್ದೆ."

ಇಬ್ಬರೂ ಹುಡುಗಿಯ ಮನೆಗೆ ಹೋದೆವು. ಎರಡನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಕಿರಿದಾದ ಅಡುಗೆಮನೆ. ಮುಂದಿನ ಕೋಣೆಯ ಮಂಚದ ಹಾಸಿಗೆಯನ್ನು ಸುರುಳಿ ಸುತ್ತಿಟ್ಟಿದ್ದರು; ಪಕ್ಕದ ಸ್ಟೂಲಿನ ಮೇಲೆ ಲೋಟ ಇನ್ನೂ ಇತ್ತು, ಅದರ ಅಂಚಿನ ತುಂಬ ಸಣ್ಣ ಸಣ್ಣ ತಗ್ಗುಗಳು. ಅಪ್ಪ ಕಾವಲಿನ ಖಾಕಿ ಅಂಗಿಯಲ್ಲೇ ಇದ್ದರು. ಮಗಳು ಒಳಗೆ ಮಲಗಿದ್ದಾಳೆ, ನಾಲ್ಕು ದಿನದಿಂದ ಮಲಗೇ ಇದ್ದಾಳೆ ಎಂದು ತಗ್ಗಿದ ದನಿಯಲ್ಲಿ ಹೇಳಿ ನಮ್ಮನ್ನು ಕೂರಿಸಿದರು. ಮೇಷ್ಟ್ರು ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡಿದ್ದರು. ಅದನ್ನೆಲ್ಲ ಬಿಟ್ಟು ಕೋಟಿನೊಳಗಿಂದ ಚಮಚ ತೆಗೆದು ಚಾಚಿದರು.

ಆ ಮನುಷ್ಯ ಅದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದು ನಿಮ್ಮ ಹತ್ರ ಹೇಗೆ ಬಂತು ಸರ್?"

ಮಗಳು ಅಪ್ಪನಿಗೆ ಹೇಳಿಯೇ ಇರಲಿಲ್ಲವೆಂಬುದು ಆಗ ನಮಗೆ ಹೊಳೆಯಿತು. ಮೇಷ್ಟ್ರು ಎದ್ದು ನಿಂತರು.

"ನಾನು ತರಿಸಿಕೊಂಡೆ. ಪರೀಕ್ಷೆಗೆ. ಮೊದಲನೇ ದಿನವೇ ವಾಪಸ್ ಕೇಳಿದಳು. ನಾನು ಕೊಡಲಿಲ್ಲ. ಬೇರೆದು ಜಾರುತ್ತೆ ಅಂತಲೂ ಹೇಳಿದ್ದಳು. ತಪ್ಪು ನನ್ನದು, ಅವಳದಲ್ಲ."

ಅಪ್ಪ ಬೈಯಲಿಲ್ಲ, ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

"ಅವತ್ತು ನೆಲದ ಮೇಲಿದ್ದ ಚಮಚಕ್ಕೆ ಬಟ್ಟೆ ಇರಲಿಲ್ಲ. ಬಿಚ್ಚಿಹೋಗಿರಬೇಕು ಅಂದುಕೊಂಡೆ" ಎಂದರು. "ಅವಳು ಬಡಿದಿದ್ದಾಳೆ, ನನಗೇ ಎಚ್ಚರ ಆಗಲಿಲ್ಲ ಅಂತ ಇಷ್ಟು ದಿನ... ಹಾಗಾದ್ರೆ ಬಡಿದೇ ಇಲ್ಲ ಅವಳು."

ಎದ್ದು, ಚಮಚವನ್ನು ಎಲ್ಲಿಡುವುದೆಂದು ತಿಳಿಯದೆ ಕೋಣೆಯ ನಡುವೆ ಒಂದು ಗಳಿಗೆ ನಿಂತು, ಕಡೆಗೆ ಎರಡು ವರ್ಷದ ರೂಢಿಯಂತೆ ಅದನ್ನು ಸ್ಟೂಲಿನ ಮೇಲಿನ ಲೋಟಕ್ಕೆ ಹಾಕಿದರು. ಚಮಚದ ತುದಿ ಅಂಚಿಗೆ ತಾಕಿ ಒಮ್ಮೆ ಠಣ್ ಎಂದಿತು.

"ಬಂದೇ" ಎಂದಿತು ಒಳಗಿನ ಕೋಣೆಯಿಂದ ನಿದ್ದೆಯ ಮಂಪರಿನ ದನಿ. ಹಿಂದೆಯೇ ಬರಿಗಾಲಿನ ಸದ್ದು. ಹುಡುಗಿ ನೀರಿನ ಚೊಂಬು ಹಿಡಿದು ಬಾಗಿಲಿಗೆ ಬಂದವಳು, ಸುರುಳಿ ಸುತ್ತಿದ ಹಾಸಿಗೆಯನ್ನು ನೋಡಿ, ನಮ್ಮನ್ನು ನೋಡಿ, ಅಲ್ಲೇ ನಿಂತಳು. ಅಪ್ಪ ಹೋಗಿ ಅವಳ ಕೈಯಿಂದ ಚೊಂಬು ತೆಗೆದುಕೊಂಡರು.

ಇಳಿಯುವಾಗ ಮೇಷ್ಟ್ರು ಮೆಟ್ಟಿಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ತಿಂಗಳೇ ಕೆಲಸ ಬಿಟ್ಟರು. ಮೇಜಿನ ಮೇಲಿನ ಸುಣ್ಣದ ಗೆರೆಯನ್ನು ಹೊರಡುವ ದಿನ ಅಂಗೈಯಿಂದ ತಾವೇ ಒರೆಸಿದರು. ಮರದ ಸೀಳುಗಳಲ್ಲಿ ಕೂತಿದ್ದ ಸುಣ್ಣ ಪೂರ್ತಿ ಹೋಗಲಿಲ್ಲ.

ಅವರು ಕೆಟ್ಟವರಾಗಿರಲಿಲ್ಲ, ಆ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಪರರ ದುಃಖದ ಮುಂದೆ ಅವರಷ್ಟು ಹೊತ್ತು, ಅವರಷ್ಟು ಶ್ರದ್ಧೆಯಿಂದ ನಿಂತವರನ್ನು ನಾನು ಕಂಡಿಲ್ಲ. ಅಂಥವರು ನಮ್ಮ ಕಲಾಶಾಲೆಗಳಲ್ಲಿ, ನಮ್ಮ ಪುಸ್ತಕದಂಗಡಿಗಳಲ್ಲಿ, ಪರರ ಬದುಕಿನ ಬಗ್ಗೆ ಪಾಠ ಹೇಳಿ, ಬರೆದು ಹೊಟ್ಟೆ ಹೊರೆಯುವ ನನ್ನಂಥವರ ನಡುವೆ ಬೇಕಾದಷ್ಟು ಜನ ಇದ್ದೇವೆ: ಒಬ್ಬರ ನೋವನ್ನು ಕಂಡು ನಿಜವಾಗಿಯೇ ಕಣ್ಣೀರಿಡುವವರು, ಅದಕ್ಕೆ ಒಪ್ಪುವ ಸಾಲನ್ನು ಹುಡುಕಿಕೊಡುವವರು, ಮತ್ತು ಆ ಹುಡುಗಿ ಗೋಡೆಗೊರಗಿ ಗಡಿಯಾರ ನೋಡುತ್ತಿರುವಾಗ ಚಮಚವನ್ನು ಎತ್ತಿ ಅವಳ ಕೈಗೆ ಕೊಡುವುದಕ್ಕೆ ಮಾತ್ರ ಹೊಳೆಯದವರು.