ಕೊನೆಯ ಅಂಕಿ

ಪೆನ್ಸಿಲ್ಲಿನ ಕೆಂಪು ಮೊನೆ ಕೆಳಗಿಳಿಯಿತು, ಅವಳ ಸಾಲು ಇನ್ನೂ ಮುಗಿದೇ ಇರಲಿಲ್ಲ, ಎರಡು ಅಂಕಿ ಬಾಯಲ್ಲೇ ಇದ್ದವು — ಒಂಬತ್ತು, ಒಂದು — ಅಷ್ಟರಲ್ಲಿ ಅಪ್ಪ ಸರಿ ಗುರುತು ಹಾಕಿಯಾಗಿತ್ತು, ಅವಸರವಿರಬೇಕು, ನಲವತ್ತು ವರ್ಷ ಕರಡು ತಿದ್ದಿದವರ ಕಣ್ಣು ಕಿವಿಗಿಂತ ಮುಂದೆ ಓಡುವುದು ಹೊಸದೇನಲ್ಲ, ಓದೇ ಮಗಳೇ ಯಾಕೆ ನಿಂತೆ, ಏನಿಲ್ಲಪ್ಪ ಗಂಟಲು, ಗಂಟಲಲ್ಲಿ ಗುಬ್ಬಿ ಸಿಕ್ಕಾಕ್ಕೊಂಡಿದೆಯಾ, ಜೋರಾಗಿ ಓದು. ಮೂವತ್ತೊಂಬತ್ತನೆಯ ಪುಟ. ಮೂಲಪ್ರತಿ ಅವಳ ಕೈಯಲ್ಲಿ, ಕರಡು ಅಪ್ಪನ ಮುಂದೆ, ಅವಳು ಓದಬೇಕು, ಅವರು ಹೋಲಿಸಿ ಸಾಲಿನ ತುದಿಯಲ್ಲಿ ಗುರುತು ಹಾಕಬೇಕು, ಮೂರು ದಿನದಿಂದ ಇದೇ, ಪುಟಕ್ಕೆ ಸಾವಿರ ಅಂಕಿ, ನಲವತ್ತು ಪುಟ, ಎಲ್ಲ ಸೇರಿ ಒಂದೇ ಒಂದು ಸಂಖ್ಯೆ. ಪುಸ್ತಕ ಮಾಡಿಸಲು ಬಂದ ಗಣಿತದ ಮೇಷ್ಟ್ರು ಆ ಕಟ್ಟನ್ನು ಎಳೆಮಗುವನ್ನು ಮಲಗಿಸುವಂತೆ ಅಚ್ಚುಮನೆಯ ಮೇಜಿನ ಮೇಲಿಟ್ಟಿದ್ದರು, ಇದು ಅವಿಭಾಜ್ಯ ಕಣಮ್ಮ, ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಸಮವಾಗಿ ಭಾಗ ಆಗಲ್ಲ, ಒಂದಂಕಿ ತಪ್ಪಿದ್ರೂ ಇದು ಬೇರೆಯದೇ ಆಗಿಬಿಡುತ್ತೆ, ಒಡೆದುಹೋಗಿದ್ರೂ ನೋಡಿದವರಿಗೆ ಗೊತ್ತಾಗಲ್ಲ, ಮೊದಲಿನ ಹಾಗೇ ಕಾಣುತ್ತೆ.

ಮೊದಲಿನ ಹಾಗೇ. ಅಪ್ಪನ ಅಂಗಿಯ ಗುಂಡಿಗಳು ಒಂದೊಂದು ಕಾಜಾ ತಪ್ಪಿವೆ, ಬೆಳಗ್ಗೆಯೇ ಕಂಡಿತ್ತು, ಹೇಳಲಿಲ್ಲ, ಮೊನ್ನೆ ಅವಳನ್ನು ಅಮ್ಮನ ಹೆಸರು ಹಿಡಿದು ಕರೆದರು, ಅಮ್ಮ ಹೋಗಿ ಹನ್ನೊಂದು ವರ್ಷ, ಅವಳು ಓ ಅಂದಳು, ಅನ್ನದೆ ಏನು ಮಾಡುವುದು. ಹೋದ ತಿಂಗಳು ಬಸ್ಸಿನ ವೇಳಾಪಟ್ಟಿಯಲ್ಲಿ ಒಂಬತ್ತು ತಲೆಕೆಳಗಾಗಿ ಆರಾಯಿತು, ಅಪ್ಪ ಅದಕ್ಕೂ ಗುರುತು ಹಾಕಿದ್ದರು, ಜನ ನಿಲ್ದಾಣದಲ್ಲಿ ಮೂರು ಗಂಟೆ ನಿಂತು ನಮ್ಮಜ್ಜನ ತನಕ ಬೈದಿದಾರಮ್ಮ, ಇನ್ನೊಂದು ತಪ್ಪು ಬಂದ್ರೆ ನಿಮ್ಮಪ್ಪ ಮನೇಲೇ ಕೂತ್ಕೊಳ್ಲಿ — ಅಚ್ಚುಮನೆಯ ಯಜಮಾನರು ಅವಳಿಗೆ ಹೇಳಿದ್ದು, ಅಪ್ಪನಿಗಲ್ಲ, ಮನೆಯಲ್ಲಿ ಕೂತು ಅಪ್ಪ ಯಾವುದಕ್ಕೆ ಗುರುತು ಹಾಕುತ್ತಾರೆ, ಗೋಡೆಗೋ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ಅವಳಿಗೆ ಬಾಯೇ ಬರುತ್ತಿರಲಿಲ್ಲ, ಹಿಂದಿನ ಬೆಂಚಿನಿಂದ ಕಿಸಕಿಸ, ಆರನೆಯ ತರಗತಿಗೇ ಬಿಟ್ಟಳು, ಅಪ್ಪ ಬೈಯಲಿಲ್ಲ, ಇಲ್ಲಿಗೆ ಕರೆತಂದು ಸೀಸದ ಅಚ್ಚುಮೊಳೆಗಳನ್ನು ಇದೇ ಮೇಜಿನ ಮೇಲೆ ಸುರಿದರು, ಹನ್ನೆರಡು ಜೋಡಿಸು, ಮೂರು ಸಾಲು, ನಾಲ್ಕು ಸಾಲು, ಈಗ ಹದಿಮೂರು — ಹೇಗೆ ಜೋಡಿಸಿದರೂ ಒಂದಾದರೂ ಹೊರಗುಳಿಯುತ್ತಿತ್ತು, ನೋಡಿದ್ಯಾ, ಇದೂ ನಿನ್ನ ಹಾಗೇ, ಸಾಲಲ್ಲಿ ನಿಲ್ಲು ಅಂದ್ರೆ ನಿಲ್ಲಲ್ಲ, ಅವಳು ನಕ್ಕಳು, ಎಷ್ಟೋ ತಿಂಗಳ ಮೇಲೆ ಮೊದಲ ನಗು. ಇನ್ನೊಂದು ಗುಟ್ಟು ಕೇಳು, ತುದಿಯಲ್ಲಿ ನಾಲ್ಕು ಕಂಡ್ರೆ ಲೆಕ್ಕವೇ ಬೇಡ, ಎಷ್ಟೇ ದೊಡ್ಡದಿರಲಿ ಸರಿಯಾಗಿ ಎರಡು ಪಾಲು ಆಗೇ ಆಗುತ್ತೆ, ಇದನ್ನ ನನ್ನ ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ.

ನಲವತ್ತನೆಯ ಪುಟ, ಕೊನೆಯ ಸಾಲು, ಮೂಲಪ್ರತಿಯ ತುದಿಯಲ್ಲಿರುವುದು ಏಳು, ಕರಡಿನಲ್ಲೂ ಏಳೇ, ಇಲ್ಲಿಂದಲೇ ಕಾಣುತ್ತಿದೆ, ಅವಳು ನಾಲ್ಕು ಎಂದು ಓದುತ್ತಾಳೆ, ಒಂದೇ ಸಲ, ಅಪ್ಪ ಹುಬ್ಬು ಗಂಟಿಕ್ಕಲಿ, ಕನಸು ಕಾಣ್ತಿದೀಯೇನೆ ದಡ್ಡಿ ಅನ್ನಲಿ, ತಲೆಯ ಮೇಲೆ ಮೊಟಕಲಿ, ಎರಡು, ಎಂಟು, ಸೊನ್ನೆ, ಒಂದು — ನಾಲ್ಕು. ಪೆನ್ಸಿಲ್ ಇಳಿಯಿತು. ಮುಗೀತು ನೋಡು, ಒಂದೂ ತಪ್ಪಿಲ್ಲ, ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದಾರೆ, ಸಂತೋಷವಾಗಿದ್ದಾರೆ, ಒಳಗಿಂದ ಯಜಮಾನರು, ಆಯ್ತೇನಮ್ಮ, ಅಚ್ಚಿಗೆ ಹಾಕಿಸ್ಲಾ, ಇಲ್ಲ ಅನ್ನಬೇಕು, ಮೊದಲಿಂದ ಓದಬೇಕು ಅನ್ನಬೇಕು, ಯಾಕೆ ಅಂತಾರೆ, ಹೂಂ ಅಂದರೆ ಮೇಷ್ಟ್ರ ನಲವತ್ತು ಪುಟವನ್ನು ಯಾರೂ ನೋಡಿಯೇ ಇಲ್ಲ, ಯಾಕೆ ಅಂದರೆ ಏನು ಹೇಳುವುದು, ಅಪ್ಪನ ಎದುರಿಗೇ, ಎದ್ದು ನಿಂತಿದ್ದಾಳೆ, ಬಾಯಿ ಬರುತ್ತಿಲ್ಲ, ಏಳರ ಪಕ್ಕದಲ್ಲಿ ಕೆಂಪು ಗುರುತು, ಬಾಲ ಮೇಲಕ್ಕೆತ್ತಿ, ಅಂದವಾಗಿ, ಮೊದಲಿನ ಹಾಗೇ, ನಾಲ್ಕು ಅಂದಳು, ಅವಳು ನಾಲ್ಕು ಅಂದಳು, ಕೆಂಪು ಗುರುತು —